ಗುಡ್ಡದ ಕಂಪನಿ ಕೊಟ್ಟ ನೀರಿನ ಘಟಕ: ಹೋಟೆಲಿನವಳೊಬ್ಬಳ ವಿಮರ್ಶೆ

ನೀರಿಗೆ ಐದಕ್ಕೆ ನಾಲ್ಕು ಅಂಕ. ನೀರು ಕೊಟ್ಟ ಕಂಪನಿಗೆ ಎರಡೂವರೆ. ಆ ಎರಡೂವರೆಯಲ್ಲಿ ಅರ್ಧ ಅಂಕ ನನ್ನ ಹೋಟೆಲಿನ ಜಗ್ಗಿನಿಂದ ಬಂದದ್ದು. ಅದನ್ನು ಮುಂದೆ ಹೇಳುತ್ತೇನೆ.

ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯ ಬಸ್ ನಿಲ್ದಾಣದ ಪಕ್ಕದಲ್ಲಿ ನನ್ನದೊಂದು ಹೋಟೆಲ್ ಇದೆ. ಬೆಳಿಗ್ಗೆ ತಟ್ಟೆ ಇಡ್ಲಿ, ಚಿತ್ರಾನ್ನ, ಅಕ್ಕಿ ರೊಟ್ಟಿ ಮತ್ತು ಹುಚ್ಚೆಳ್ಳು ಚಟ್ನಿ. ಮಧ್ಯಾಹ್ನ ಮುದ್ದೆ, ಅನ್ನ, ಸಾರು. ಬಿ.ಕಾಂ. ಓದಿ ಒಲೆಯ ಮುಂದೆ ನಿಂತವಳು ಎಂದು ಊರಿನವರು ಮರುಗುವುದುಂಟು. ನನಗೇನೂ ಬೇಸರವಿಲ್ಲ, ಓದಿದ್ದು ಲೆಕ್ಕದ ಪುಸ್ತಕಕ್ಕೆ ಬಂದಿದೆ. ಹೋಟೆಲಿಗೆ ದಿನಕ್ಕೆ ಇಪ್ಪತ್ತು ಲೀಟರಿನ ಎಂಟು ಹತ್ತು ಕ್ಯಾನ್ ನೀರು ಬೇಕು. ಹುಣ್ಣಿಮೆ ಬಂದರೆ ಜೇನುಕಲ್ ಸಿದ್ದೇಶ್ವರನ ಬೆಟ್ಟಕ್ಕೆ ಹೋಗುವವರೆಲ್ಲ ಇಳಿದು ತಿಂಡಿ ತಿನ್ನುತ್ತಾರೆ, ಆ ದಿನ ಕ್ಯಾನುಗಳ ಲೆಕ್ಕ ಇಡುವುದಕ್ಕೂ ಪುರುಸೊತ್ತು ಇರುವುದಿಲ್ಲ. ಹಾಗಾಗಿ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿ ವಿದ್ಯುತ್ತು ಮಾರುವ ಕಂಪನಿ ನಮ್ಮೂರಿಗೆ ಕಟ್ಟಿಸಿಕೊಟ್ಟ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಅತಿ ದೊಡ್ಡ ಗಿರಾಕಿ ನಾನೇ. ಕಂಪನಿಯ ಹೆಸರು ಬರೆಯುವುದಿಲ್ಲ. ಅದರ ಹುಡುಗರು ನನ್ನಲ್ಲಿಯೇ ಊಟ ಮಾಡುತ್ತಾರೆ, ತಿಂಗಳ ಬಾಕಿಯನ್ನು ತಪ್ಪದೆ ಚುಕ್ತಾ ಮಾಡುತ್ತಾರೆ. ಜಗಳ ಅವರ ಮೇಲಲ್ಲ.

ಮೊದಲು ನೀರಿನ ವಿಷಯ.

ನಮ್ಮ ಕೊಳವೆಬಾವಿಯ ನೀರು ಬಹಳ ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಹುಣಸೆಹಣ್ಣು ಹಾಕಿ ಎಷ್ಟು ಉಜ್ಜಿದರೂ ಪೂರ್ತಿ ಬಿಡುವುದಿಲ್ಲ. ತೊಗರಿಬೇಳೆ ಆ ನೀರಿನಲ್ಲಿ ಹಟ ಹಿಡಿಯುತ್ತದೆ. ಕುದಿಸಿ ಕುದಿಸಿ ಸಾಕಾಗಿ ಕೊನೆಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಯುತ್ತದೆ ನಿಜ, ಆದರೆ ಸಾರಿಗೆ ಒಂದು ಬಗೆಯ ವಾಸನೆ ಬರುತ್ತದೆ. ಉಂಡವರಿಗೆ ಗೊತ್ತಾಗದಿರಬಹುದು, ಮಾಡಿದವಳಿಗೆ ಗೊತ್ತಾಗದೆ ಇರುತ್ತದೆಯೇ? ಘಟಕದ ನೀರಿನಲ್ಲಿ ಅದೇ ಅಂಗಡಿಯ ಅದೇ ಬೇಳೆ ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಬೆಣ್ಣೆಯಂತೆ ಕರಗುತ್ತದೆ. ಟೀ ಮೇಲೆ ತೇಲುತ್ತಿದ್ದ ತೆಳು ಪೊರೆ ಕಾಣೆಯಾಯಿತು, ಬಣ್ಣ ತಿಳಿಯಾಯಿತು, ಪುಡಿಯೂ ಕಡಿಮೆ ಹಿಡಿಯುತ್ತದೆ. ಒಂದು ಗ್ಯಾಸ್ ಸಿಲಿಂಡರ್ ಮೊದಲಿಗಿಂತ ಎರಡು ಮೂರು ದಿನ ಹೆಚ್ಚು ಬರುತ್ತಿದೆ. ಕ್ಯಾನಿಗೆ ಐದು ರೂಪಾಯಿ ಕೊಟ್ಟು ತಂದರೂ ನನಗೆ ಲಾಭವೇ.

ಬರೀ ನೀರಾಗಿ ಕುಡಿಯುವುದಾದರೆ ಸಪ್ಪೆ. ನಮ್ಮ ಅತ್ತೆ ಇವತ್ತಿಗೂ "ಈ ನೀರಿಗೆ ರುಚಿಯೇ ಇಲ್ಲ ಕಣಮ್ಮ" ಎಂದು ಲೋಟ ಪಕ್ಕಕ್ಕೆ ಸರಿಸುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ನಾನೇ ಕೊಂಡ ಚಿಕ್ಕ ಟಿಡಿಎಸ್ ಮೀಟರಿನಲ್ಲಿ ಅದು ಐವತ್ತರ ಆಸುಪಾಸು ತೋರಿಸುತ್ತದೆ, ಅಂದರೆ ನೀರಿನಲ್ಲಿ ಲವಣ ಉಳಿದಿರುವುದೇ ಅಷ್ಟು. ಆದರೆ ನಮ್ಮ ಕಡೆ ರುಚಿಗಿಂತ ದೊಡ್ಡ ಪ್ರಶ್ನೆ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಕೊಳವೆಬಾವಿ ಆ ಗಡಿಯನ್ನೂ ದಾಟಿದೆ. ನಮ್ಮ ಶಾಲೆಯ ದೊಡ್ಡ ಮಕ್ಕಳು ನಕ್ಕರೆ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳು ಕಾಣುತ್ತವೆ. ಕಾಯಿಸಿ ಕುಡಿದರೆ ಆಯಿತಲ್ಲ ಎನ್ನುವವರಿಗೆ ಒಂದು ಮಾತು: ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಜಲಜೀವನ್ ಯೋಜನೆಯಲ್ಲಿ ಮನೆಬಾಗಿಲಿಗೆ ನಲ್ಲಿ ಬಂತು, ಸಂತೋಷ. ನಲ್ಲಿಯಲ್ಲಿ ಬಂದದ್ದು ಮಾತ್ರ ಅದೇ ಕೊಳವೆಬಾವಿಯ ನೀರು. ಹೀಗಿರುವಾಗ ಕುಡಿಯುವ ನೀರಿನ ಘಟಕ ಕೊಡೋಣ ಎಂದು ಕಂಪನಿಗೆ ಹೊಳೆದದ್ದು ಒಳ್ಳೆಯ ಬುದ್ಧಿಯೇ. ಅದಕ್ಕೇ ನಾಲ್ಕು ಅಂಕ.

ಐದನೆಯದನ್ನು ಕಳೆದದ್ದು ಚರಂಡಿಗೆ ಹೋಗುವ ನೀರಿಗಾಗಿ. ಈ ಯಂತ್ರಗಳ ಕೆಲಸ ಹೀಗೆ: ನೀರು ಮೊದಲು ಮರಳಿನ ಸೋಸುವಿಕೆ, ಆಮೇಲೆ ಇದ್ದಿಲಿನ ಸೋಸುವಿಕೆ ದಾಟಿ, ಒತ್ತಡದಲ್ಲಿ ಮೆಂಬ್ರೇನ್ ಎಂಬ ಪೊರೆಯನ್ನು ತೂರಿಕೊಂಡು, ಕೊನೆಗೆ ಕ್ರಿಮಿ ಕೊಲ್ಲುವ ಯುವಿ ದೀಪದ ಕೆಳಗೆ ಹಾದು ನಮ್ಮ ಕ್ಯಾನಿಗೆ ಬೀಳುತ್ತದೆ. ಪೊರೆ ತಡೆದ ಉಪ್ಪು, ಫ್ಲೋರೈಡ್ ಎಲ್ಲವೂ ಇನ್ನೊಂದು ಪೈಪಿನಲ್ಲಿ ಹೊರಗೆ ಹೋಗುತ್ತವೆ, ಜೊತೆಗೆ ಬೇಕಾದಷ್ಟು ನೀರನ್ನೂ ಎಳೆದುಕೊಂಡು. ನಾನೊಂದು ಕ್ಯಾನ್ ತುಂಬಿಸುವಾಗ ಹಿಂದುಗಡೆ ಹತ್ತಿರ ಹತ್ತಿರ ಅಷ್ಟೇ ನೀರು ರಸ್ತೆ ಬದಿಯ ಗುಂಡಿಗೆ ಹರಿಯುತ್ತಿರುತ್ತದೆ. ಬೇಸಿಗೆಯಲ್ಲಿ ತೆಂಗಿನ ಮರಗಳ ಸುಳಿ ಒಣಗುವ ಊರಿನಲ್ಲಿ ಇದನ್ನು ನೋಡಿಕೊಂಡು ನಿಲ್ಲುವುದು ಕಷ್ಟ. ಕುಡಿಯಲು ಬಾರದಿದ್ದರೂ ನೆಲ ತೊಳೆಯಲು, ಪಾಯಿಖಾನೆಗೆ ಅದು ಸಾಕು. ಒಂದು ಸಿಂಟೆಕ್ಸ್ ಟ್ಯಾಂಕ್, ಒಂದು ನಲ್ಲಿ ಇಟ್ಟಿದ್ದರೆ ಮುಗಿಯುತ್ತಿತ್ತು. ಘಟಕದ ಗೋಡೆಯ ಮೇಲೆ ಕಂಪನಿಯ ಲಾಂಛನ ಆಳೆತ್ತರಕ್ಕಿದೆ, ನೀರಿನ ಪರೀಕ್ಷೆಯ ವರದಿಗೆ ಮಾತ್ರ ಅಲ್ಲಿ ಜಾಗ ಸಿಕ್ಕಿಲ್ಲ.

ಕರೆಂಟ್ ಹೋದರೆ ಘಟಕ ನಿಲ್ಲುತ್ತದೆ. ಗುಡ್ಡದ ಮೇಲೆ ರೆಕ್ಕೆಗಳು ತಿರುಗುತ್ತಿರುತ್ತವೆ, ಕೆಳಗೆ ನಾವು ಖಾಲಿ ಕ್ಯಾನ್ ಸಾಲಾಗಿ ಇಟ್ಟು ಕೂತಿರುತ್ತೇವೆ. ನಮ್ಮ ಗುಡ್ಡದ ಕರೆಂಟು ನಮಗೇ ಇಲ್ಲವೇ ಎಂದು ಜನ ಕೇಳುತ್ತಾರೆ. ಅಲ್ಲಿ ಹುಟ್ಟಿದ ವಿದ್ಯುತ್ತು 33 ಕೆವಿ ತಂತಿಯಲ್ಲಿ ಕಂಪನಿಯ ಉಪಕೇಂದ್ರಕ್ಕೆ ಹೋಗಿ ರಾಜ್ಯದ ದೊಡ್ಡ ಜಾಲಕ್ಕೆ ಸೇರುತ್ತದೆ. ನಮ್ಮೂರ ಟ್ರಾನ್ಸ್‌ಫಾರ್ಮರಿಗೆ ಬರುವ ಲೈನ್ ಬೇರೆಯೇ. ಇದು ಕಂಪನಿಯ ತಪ್ಪಲ್ಲ. ಆದರೆ ವಿದ್ಯುತ್ತನ್ನೇ ಮಾರುವವರು ತಾವು ಕೊಟ್ಟ ಘಟಕದ ಚಾವಣಿಗೆ ನಾಲ್ಕು ಸೋಲಾರ್ ಫಲಕ ಹಾಕಲು ಮರೆತದ್ದು ಹೇಗೆ ಎಂದು ನಾನು ಕೇಳಿಯೇ ಕೇಳುತ್ತೇನೆ.

ಇನ್ನು ಕಂಪನಿಗೆ ಎರಡೂವರೆ ಯಾಕೆ ಎಂಬುದು.

ಒಂದು ಬೇಸಿಗೆಯಲ್ಲಿ ಘಟಕದ ಮೆಂಬ್ರೇನ್ ಕಟ್ಟಿಕೊಂಡಿತು. ನೀರು ದಾರದಷ್ಟು ಸಣ್ಣಗಾಗಿ, ಆಮೇಲೆ ನಿಂತೇ ಹೋಯಿತು. ಗಡಸು ನೀರಿನಲ್ಲಿ ಆ ಪೊರೆ ಎರಡು ಮೂರು ವರ್ಷ ಬಾಳಿದರೆ ಹೆಚ್ಚು, ಆಮೇಲೆ ಬದಲಿಸಲೇಬೇಕು ಎಂಬುದು ಯಂತ್ರ ಕೂರಿಸಿದವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಪಂಚಾಯಿತಿಗೆ ಹೋದೆ. "ಅದು ಕಂಪನಿಯವರು ಕೊಟ್ಟದ್ದಲ್ಲವೇನಮ್ಮಾ, ಅವರನ್ನೇ ಕೇಳಿ" ಎಂದರು. ಕಂಪನಿಯ ಸೈಟ್ ಕಚೇರಿಗೆ ಫೋನ್ ಮಾಡಿದೆ. ಸಿಎಸ್‌ಆರ್ (ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಕೆಲಸ) ನೋಡಿಕೊಳ್ಳುವ ಮೇಡಂ ಬಹಳ ಮರ್ಯಾದೆಯಿಂದ, "ಆಸ್ತಿಯನ್ನು ಪಂಚಾಯಿತಿಗೆ ಹಸ್ತಾಂತರ ಮಾಡಿದ್ದೇವೆ ಅಕ್ಕ, ಈಗ ನಾವು ಕೈ ಹಾಕುವ ಹಾಗಿಲ್ಲ" ಎಂದರು. ಹಸ್ತಾಂತರದ ಮಾತು ಸುಳ್ಳಲ್ಲ. 2021ರಲ್ಲಿ ತಿದ್ದಿದ ನಿಯಮದ ಪ್ರಕಾರ ಸಿಎಸ್‌ಆರ್ ಹಣದಲ್ಲಿ ಕಟ್ಟಿದ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ನೋಂದಾಯಿತ ಸಂಸ್ಥೆಗೋ, ಫಲಾನುಭವಿಗಳ ಸಂಘಕ್ಕೋ, ಸರ್ಕಾರಿ ಪ್ರಾಧಿಕಾರಕ್ಕೋ ಸೇರಬೇಕು. ಆದರೆ ಆಸ್ತಿ ಯಾರದ್ದೇ ಇರಲಿ, ಐದು ವರ್ಷದ ನಿರ್ವಹಣೆಯ ಖರ್ಚನ್ನು ಮೊದಲೇ ಯೋಜನೆಗೆ ಸೇರಿಸಬೇಡಿ ಎಂದು ಯಾವ ನಿಯಮವೂ ಹೇಳಿಲ್ಲ. ಕಾಗದದ ಒಂದು ತುದಿ ಇವರ ಕೈಯಲ್ಲಿ, ಇನ್ನೊಂದು ತುದಿ ಅವರ ಕೈಯಲ್ಲಿ. ನಡುವೆ ನಾವು ವಾರಗಟ್ಟಲೆ ಟೆಂಪೋದಲ್ಲಿ ಬರುವ ಕ್ಯಾನಿಗೆ ಮೂವತ್ತು ರೂಪಾಯಿ ತೆತ್ತೆವು.

ಅದೇ ಸಮಯದಲ್ಲಿ ನಡೆದ ಇನ್ನೊಂದು ಸಂಗತಿ ನೋಡಿ. ಗುಡ್ಡಕ್ಕೆ ಹೋಗುವ ದಾರಿಯ ಒಂದು ಮೋರಿ ಮುಂಗಾರು ಪೂರ್ವದ ಮಳೆಗೆ ಕುಸಿಯಿತು. ಆ ದಾರಿಯನ್ನು ಕಂಪನಿ ಮಾಡಿದ್ದು ತನಗಾಗಿ. ಐವತ್ತು ಮೀಟರಿಗೂ ಉದ್ದದ ರೆಕ್ಕೆ ಹೊತ್ತ ಟ್ರೇಲರ್ ತಿರುಗಬೇಕಲ್ಲ, ಅದಕ್ಕೆ ಎಲ್ಲ ತಿರುವುಗಳನ್ನೂ ಅಗಲ ಮಾಡಿ, ಜಲ್ಲಿ ಹಾಕಿ, ರೋಲರ್ ಹೊಡೆಸಿದ್ದರು. ರೆಕ್ಕೆ ಮೇಲೆ ಹೋದ ಮೇಲೆ ಹಾಲಿನ ವ್ಯಾನು, ಅರಸೀಕೆರೆ ಎಪಿಎಂಸಿಗೆ ಉಂಡೆ ಕೊಬ್ಬರಿ ಒಯ್ಯುವ ಟೆಂಪೋ, ಶಾಲೆಯ ಆಟೋ ಎಲ್ಲವೂ ಅದರಲ್ಲೇ ಓಡಾಡಲು ಶುರು ಮಾಡಿದವು. ಮೋರಿ ಕುಸಿದ ಮರುದಿನವೇ ಜೆಸಿಬಿ ಬಂತು. ವಾರ ತುಂಬುವುದರೊಳಗೆ ಹೊಸ ಪೈಪು ಕೂತಿತು. ಕಂಪನಿಯ ವಾರ್ಷಿಕ ವರದಿಯ ಸಿಎಸ್‌ಆರ್ ಅನುಬಂಧವನ್ನು ಮೊಬೈಲಿನಲ್ಲಿ ಇಳಿಸಿಕೊಂಡು ಓದಿದ್ದೇನೆ. ಅದರಲ್ಲಿ ಈ ರಸ್ತೆ ಇಲ್ಲ. ಇರಲೂ ಬಾರದು, ಸ್ವಂತ ವ್ಯವಹಾರಕ್ಕೆ ಮಾಡಿದ ಕೆಲಸವನ್ನು ಸಿಎಸ್‌ಆರ್ ಎಂದು ತೋರಿಸುವಂತಿಲ್ಲ. ಆದರೆ ಊರಿಗೆ ಅವರಿಂದ ಬಂದದ್ದರಲ್ಲಿ ಅತಿ ಹೆಚ್ಚು ಬಳಕೆಗೆ ಬಂದದ್ದು ಇದೇ. ತಮಗೆ ಬೇಕಾದದ್ದು ಕೆಟ್ಟರೆ ಮರುದಿನವೇ ದುರಸ್ತಿ. ನಮಗೆಂದು ಕೊಟ್ಟದ್ದು ಕೆಟ್ಟರೆ ಪತ್ರ ವ್ಯವಹಾರ.

ಇದು ತಲೆಗೆ ಹೋದ ಮೇಲೆ ನಾನೊಂದು ಕೆಲಸ ಮಾಡಿದೆ. ಊಟಕ್ಕೆ ಬರುವ ಕಂಪನಿಯ ಹುಡುಗರಿಗೆ ಅಲ್ಲಿಯವರೆಗೆ ಟೆಂಪೋ ಕ್ಯಾನಿನ ನೀರನ್ನೇ ಇಡುತ್ತಿದ್ದೆ. ಅಂದಿನಿಂದ ಅವರ ಮೇಜಿನ ಜಗ್ಗಿಗೆ ಕೊಳವೆಬಾವಿಯ ನೀರು ತುಂಬಿಸಿದೆ, ಹೇಳಿಯೇ ತುಂಬಿಸಿದೆ. ಒಬ್ಬ ಹುಡುಗ ಒಂದು ಗುಟುಕು ಕುಡಿದು ಮುಖ ಹಿಂಡಿದ. "ಏನಕ್ಕ ಇದು, ಉಪ್ಪುಪ್ಪು?" "ನಿಮ್ಮ ಘಟಕ ಕೆಟ್ಟಿದೆಯಪ್ಪ. ಊರಿನವರು ಕುಡಿಯುವುದು ಇದನ್ನೇ. ನಿಮಗೊಂದು, ಅವರಿಗೊಂದು ಎಂದು ಭೇದ ಮಾಡಬಾರದಲ್ಲ." ಆತ ನಕ್ಕ, ಆದರೆ ಸಂಜೆ ತಮ್ಮ ಸೈಟ್ ಮ್ಯಾನೇಜರಿಗೆ ಹೇಳಿದ. ಮ್ಯಾನೇಜರ್ ತಮಿಳುನಾಡಿನವರು, ಸಂಬಳ ತೆಗೆದುಕೊಳ್ಳುವ ಮನುಷ್ಯ, ಅವರ ಕೈಯಲ್ಲಿ ಸಿಎಸ್‌ಆರ್ ಹಣವಿಲ್ಲ. ಆದರೆ ಬೆಂಗಳೂರಿನ ಕಚೇರಿಗೆ ಯಾವ ಮಿಂಚಂಚೆ ಬರೆದರೆ ಕೆಲಸವಾಗುತ್ತದೆ ಎಂಬುದು ಅವರಿಗೆ ಗೊತ್ತು. ಹೊಸ ಮೆಂಬ್ರೇನ್ ಬಂತು. ಅಷ್ಟಕ್ಕೇ ಬಿಡಲಿಲ್ಲ ನಾನು. ಸೈಟ್ ಕಚೇರಿಗೆ ಹಾಸನದಿಂದ ತರಿಸುತ್ತಿದ್ದ ಬಾಟಲ್ ನೀರನ್ನು ನಿಲ್ಲಿಸಿ, ಕ್ಯಾನಿಗೆ ಐದು ರೂಪಾಯಿ ಕೊಟ್ಟು ಇದೇ ಘಟಕದಿಂದ ಒಯ್ಯಿರಿ, ಖರ್ಚೂ ಉಳಿಯುತ್ತದೆ ಎಂದು ಮ್ಯಾನೇಜರ್ ಮುಂದೆ ಲೆಕ್ಕ ಹಾಕಿ ತೋರಿಸಿದೆ. ಒಪ್ಪಿಕೊಂಡರು. ಆಮೇಲೆ ಘಟಕ ಒಂದೆರಡು ಸಲ ಕೆಟ್ಟಿದೆ, ಹೆಚ್ಚು ದಿನ ಕೆಟ್ಟು ನಿಂತಿಲ್ಲ. ಅರ್ಧ ಅಂಕ ಹೆಚ್ಚಾದದ್ದು ಇದಕ್ಕೆ.

ಕಂಪನಿ ಕೊಟ್ಟ ಉಳಿದವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಲಿಗೆ ತರಬೇತಿ ನಡೆಯಿತು, ಕಲಿತವರಿಗೆ ಹೊಲಿಯಲು ಬಟ್ಟೆ ಕೊಡುವವರಿಲ್ಲ. ರೆಡಿಮೇಡ್ ಚೂಡಿದಾರ ಸಂತೆಯಲ್ಲೇ ಸಿಗುವಾಗ ಯಾರು ಹೊಲಿಸುತ್ತಾರೆ? ಸೋಲಾರ್ ಬೀದಿದೀಪಗಳಲ್ಲಿ ಅರ್ಧದಷ್ಟರ ಬ್ಯಾಟರಿ ಸತ್ತಿದೆ. ಶಾಲೆಗೆ ಕೊಟ್ಟ ಬೆಂಚುಗಳು ಗಟ್ಟಿಮುಟ್ಟಾಗಿವೆ, ಅದಕ್ಕೆ ಪೂರ್ತಿ ಅಂಕ. ಕಣ್ಣಿನ ತಪಾಸಣೆ ಶಿಬಿರದಲ್ಲಿ ನಮ್ಮ ಅತ್ತೆಗೆ ಕನ್ನಡಕ ಸಿಕ್ಕಿತು, ಅದರಿಂದಲೇ ಈಗ ನೀರಿನ ಲೋಟದಲ್ಲಿ ಕಸ ಹುಡುಕುತ್ತಾರೆ.

ಹಣದ ಮಾತಿಗೆ ಬರೋಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದೂ ಅದರಲ್ಲಿದೆ. ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಓದಿದವರಿಗೆ ಇದರ ಸಂದು ಬೇಗ ಕಾಣುತ್ತದೆ. ಶೇ 2 ಎಂಬುದು ಲಾಭದ ಮೇಲೆ, ಗುಡ್ಡದ ಮೇಲಲ್ಲ. ಗಾಳಿ, ಸೌರ ವಿದ್ಯುತ್ತಿನ ದೊಡ್ಡ ಕಂಪನಿಗಳು ಒಂದೊಂದು ಯೋಜನೆಗೆ ಒಂದೊಂದು ಉಪಕಂಪನಿ ಮಾಡುವುದು ಈ ವ್ಯವಹಾರದಲ್ಲಿ ಮಾಮೂಲು. ಸಾಲದ ಬಡ್ಡಿ, ಯಂತ್ರದ ಸವಕಳಿ ಕಳೆದ ಮೇಲೆ ಆ ಉಪಕಂಪನಿಯ ಲಾಭ ಮೊದಲ ವರ್ಷಗಳಲ್ಲಿ ಕಾಣುವುದೇ ಅಪರೂಪ. ಆಗ ಕಾನೂನಿನ ಪ್ರಕಾರ ನಮ್ಮೂರಿಗೆ ಕೊಡಬೇಕಾದದ್ದು ಸೊನ್ನೆ. ಕೊಟ್ಟದ್ದೆಲ್ಲ ಮಾತೃಕಂಪನಿಯ ಔದಾರ್ಯದ ಲೆಕ್ಕಕ್ಕೆ ಬೀಳುತ್ತದೆ. ಔದಾರ್ಯದ ಹತ್ತಿರ ಹಕ್ಕಿನಿಂದ ಮಾತನಾಡುವುದು ಹೇಗೆ?

ಬೇರೆ ಕಡೆ ಬೇರೆ ರೀತಿ ಇದೆ. ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮಾಡಿದಾಗ ರೈತರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಮಳೆ ಬಾರದ ಸೀಮೆಯಲ್ಲಿ ಕಡಲೆಕಾಯಿ ಬೆಳೆದು ಕೈ ಸುಟ್ಟುಕೊಂಡಿದ್ದವರಿಗೆ ಅದು ಭದ್ರವಾದ ಆದಾಯ. ಆದರೆ ಜಮೀನಿದ್ದವರಿಗೆ ಬಾಡಿಗೆ ಬಂತು, ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೆಲಸ ಹೋಯಿತು. ನಮ್ಮಲ್ಲೂ ಕಂಬಕ್ಕೆ, ದಾರಿಗೆ ಜಾಗ ಕೊಟ್ಟವರಿಗೆ ಹಣ ಬಂದಿದೆ. ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದವರನ್ನು ಯಾರೂ ಸಭೆಗೆ ಕರೆದಿರಲಿಲ್ಲ.

ಬೆಂಗಳೂರಿನಲ್ಲಿರುವ ನಮ್ಮಕ್ಕನ ಮಗ ಇನ್ನೂ ದೂರದ್ದನ್ನು ಹುಡುಕಿ ಕೊಟ್ಟ. ಸ್ಕಾಟ್ಲೆಂಡಿನಲ್ಲಿ ನೆಲದ ಮೇಲಿನ ಗಾಳಿಯಂತ್ರದ ಯೋಜನೆಗಳು ಪ್ರತಿ ಮೆಗಾವ್ಯಾಟಿಗೆ ವರ್ಷಕ್ಕೆ 5,000 ಪೌಂಡಿನಂತೆ ಸುತ್ತಲಿನ ಊರಿಗೆ ಕೊಡಬೇಕು ಎಂದು ಸರ್ಕಾರ ಸೂಚಿಸಿದೆಯಂತೆ. ಕಾನೂನಿನ ಕಡ್ಡಾಯವಲ್ಲ, ಮಾರ್ಗಸೂಚಿ ಮಾತ್ರ, ಆದರೂ ಬಹಳ ಮಂದಿ ಪಾಲಿಸುತ್ತಾರೆ. ಡೆನ್ಮಾರ್ಕಿನಲ್ಲಿ 2009ರಿಂದ ಕೆಲವು ವರ್ಷ, ಹೊಸ ಗಾಳಿಯಂತ್ರ ನಿಲ್ಲಿಸುವವರು ಕನಿಷ್ಠ ಶೇ 20ರಷ್ಟು ಪಾಲನ್ನು ಮಾರಾಟಕ್ಕಿಡಬೇಕು, ನಾಲ್ಕೂವರೆ ಕಿಲೋಮೀಟರ್ ಒಳಗಿನ ನಿವಾಸಿಗಳಿಗೆ ಮೊದಲ ಅವಕಾಶ ಎಂಬ ಕಾಯ್ದೆಯೇ ಇತ್ತು. ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಹಾಕಿ ನೋಡಿದೆ. ನಲವತ್ತು ಮೆಗಾವ್ಯಾಟಿನ ಒಂದು ಗುಡ್ಡಕ್ಕೆ ಸ್ಕಾಟ್ಲೆಂಡಿನ ದರ ಹಿಡಿದರೆ ವರ್ಷಕ್ಕೆ ಎರಡು ಲಕ್ಷ ಪೌಂಡ್, ಅಂದರೆ ಎರಡು ಕೋಟಿ ರೂಪಾಯಿಗೂ ಮೇಲೆ. ಅವರ ದರ ನಮಗೆ ಒಪ್ಪುವುದಿಲ್ಲ, ಅಲ್ಲಿ ಕರೆಂಟಿನ ಬೆಲೆಯೂ ಬೇರೆ ಎಂದು ಗೊತ್ತಿದೆ. ನೂರಕ್ಕೆ ಐದರಷ್ಟನ್ನು ಕೊಟ್ಟರೂ ಮೆಂಬ್ರೇನಿಗಾಗಿ ಯಾರ ಮುಂದೆಯೂ ನಿಲ್ಲಬೇಕಾಗಿರುವುದಿಲ್ಲ. ಮೆಗಾವ್ಯಾಟಿಗೆ ಇಷ್ಟು ಎಂದು ಗೊತ್ತಾದರೆ ಪಂಚಾಯಿತಿ ಬಜೆಟ್ ಬರೆಯಬಹುದು. ಲಾಭ ಬಂದರೆ ನೋಡೋಣ ಎಂದರೆ ಏನು ಬರೆಯುವುದು?

ಪರಿಣಾಮದ ಅಧ್ಯಯನ ಎಂದು ಒಮ್ಮೆ ಇಬ್ಬರು ಟ್ಯಾಬ್ಲೆಟ್ ಹಿಡಿದು ಬಂದಿದ್ದರು. ಸಿಎಸ್‌ಆರ್ ಹೊಣೆ ಸರಾಸರಿ 10 ಕೋಟಿ ಮುಟ್ಟಿದ ಕಂಪನಿಗಳು 1 ಕೋಟಿ ಮುಟ್ಟಿದ ಯೋಜನೆಗಳಿಗೆ ಹೊರಗಿನವರಿಂದ ಇದನ್ನು ಮಾಡಿಸಲೇಬೇಕು. ಉದ್ದೇಶ ಒಳ್ಳೆಯದು. ನನ್ನನ್ನು ಕೇಳಿದ್ದು: ನೀರಿನಿಂದ ತೃಪ್ತಿ ಇದೆಯೇ, ಹೌದು ಅಥವಾ ಇಲ್ಲ. ಹೌದು ಎಂದೆ. "ವರ್ಷದಲ್ಲಿ ಎಷ್ಟು ದಿನ ಘಟಕ ನಿಂತಿತ್ತು ಎಂದು ಕೇಳಿ, ನನ್ನ ಪುಸ್ತಕದಲ್ಲಿ ತಾರೀಖಿದೆ" ಎಂದು ನಾನು ಹೇಳಿದರೆ, "ಅದಕ್ಕೆ ಕಾಲಂ ಇಲ್ಲ ಮೇಡಂ" ಎಂದರು. ಕ್ಯಾನ್ ಹಿಡಿದು ನಗುತ್ತಾ ನಿಲ್ಲಿ ಎಂದು ಫೋಟೋ ತೆಗೆದುಕೊಂಡರು. ತುಂಬಿದ ಕ್ಯಾನ್ ಎತ್ತಿಕೊಂಡು ನಗಲು ಆಗುವುದಿಲ್ಲ ಎಂದು ಖಾಲಿ ಕ್ಯಾನ್ ಕೊಟ್ಟರು.

ನಿಮ್ಮೂರಿಗೂ ಕಂಪನಿ ಬರುತ್ತಿದ್ದರೆ ಏನು ಕೊಡುತ್ತೀರಿ ಎಂದು ಕೇಳುವ ಮೊದಲು, ಕೆಟ್ಟರೆ ಯಾರ ಫೋನ್ ನಂಬರಿಗೆ ಮಾಡಬೇಕು, ಎಷ್ಟು ವರ್ಷದವರೆಗೆ ಎಂದು ಕೇಳಿ ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿ ಬರೆಸಿಕೊಳ್ಳಿ. ಪಂಚಾಯಿತಿಯ ಒಪ್ಪಿಗೆ ಪತ್ರ ಕಂಪನಿಯ ಕೈಗೆ ಸಿಗುವ ಮೊದಲೇ ಇದನ್ನು ಮಾಡಿಸಬೇಕು. ಸಿಕ್ಕಿದ ಮೇಲೆ ಮೇಡಂ ಇನ್ನೂ ಹೆಚ್ಚು ಮರ್ಯಾದೆಯಿಂದ ಮಾತನಾಡುತ್ತಾರೆ, ಅಷ್ಟೇ. ಮತ್ತು ಸಾಧ್ಯವಾದರೆ ಅವರ ಸೈಟ್ ಕಚೇರಿಯ ನೀರು, ದಾರಿ, ಆಸ್ಪತ್ರೆ ಎಲ್ಲವನ್ನೂ ನಿಮ್ಮದರ ಜೊತೆಗೇ ಕಟ್ಟಿಹಾಕಿ.

ಘಟಕಕ್ಕೆ ಬರುವವರಿಗೆ: ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಎಂಟು. ಏಳೂವರೆಗೆ ಶಾಲೆಯ ಬಿಸಿಯೂಟದವರು ಬರುತ್ತಾರೆ, ಸಾಲು ಉದ್ದ ಇರುತ್ತದೆ. ಕ್ಯಾನ್ ನೀವೇ ತೊಳೆದು ತನ್ನಿ. ಹಳದಿ ಬಣ್ಣದ ಐದು ರೂಪಾಯಿ ನಾಣ್ಯವನ್ನೇ ತನ್ನಿ. ಹಳೆಯ ದಪ್ಪ ನಾಣ್ಯ ಹಾಕಿದರೆ ಯಂತ್ರ ನುಂಗಿ ಸುಮ್ಮನಾಗುತ್ತದೆ. ಚಿಲ್ಲರೆ ಇಲ್ಲದಿದ್ದರೆ ನನ್ನ ಹೋಟೆಲಿನ ಗಲ್ಲಾದಲ್ಲಿ ಸಿಗುತ್ತದೆ, ಟೀ ಕುಡಿಯಲೇಬೇಕೆಂಬ ಒತ್ತಾಯವೇನಿಲ್ಲ.